ಪದಚರ್ಚೆ: ಕಣಿವೆಯೋ, ಕಂಡಿಯೋ, ತಡಮೆಯೋ? ಆಲ್ಪ್ಸ್ ನಡಿಗೆಯಲ್ಲಿ ಸಿಕ್ಕಿಕೊಂಡ ಕೆಲವು ಪದಗಳು

ಬಳಗದ ಎಲ್ಲರಿಗೂ ನಮಸ್ಕಾರ.

ನನಗೆ ಒಂದು ಪದ ಬೇಕಾಗಿದೆ. ಅದನ್ನು ಹುಡುಕುತ್ತಾ ಹೋದಾಗ ಇನ್ನೂ ನಾಲ್ಕೈದು ಪದಗಳು ಕಾಲಿಗೆ ತೊಡರಿಕೊಂಡವು. ಎಲ್ಲವನ್ನೂ ಒಟ್ಟಿಗೆ ನಿಮ್ಮ ಮುಂದೆ ಇಡುತ್ತಿದ್ದೇನೆ. ಬರಹ ಸ್ವಲ್ಪ ಉದ್ದವಾಗಿದೆ, ಪುರುಸೊತ್ತು ಮಾಡಿಕೊಂಡು ಓದಿ.

ಕಳೆದ ಬೇಸಗೆಯಲ್ಲಿ ನಾನೂ ನನ್ನ ತಂಗಿಯೂ ಆಲ್ಪ್ಸ್‌ನಲ್ಲಿ ಮೌಂಟ್ ಬ್ಲಾಂಕ್ ಬೆಟ್ಟದ ಸುತ್ತ ನಡೆದು ಬಂದೆವು. ಫ್ರಾನ್ಸ್, ಇಟಲಿ, ಸ್ವಿಟ್ಜರ್‌ಲೆಂಡ್ ಮೂರೂ ದೇಶ ಮುಟ್ಟಿ ಬರುವ ದಾರಿ ಅದು. ಸುಮಾರು 170 ಕಿಲೋಮೀಟರ್. ನಮಗೆ ಹನ್ನೊಂದು ದಿನ ಹಿಡಿಯಿತು. ಇದು ಬೆಟ್ಟದ ತುದಿ ಹತ್ತುವ ದಾರಿಯಲ್ಲ. 4,800 ಮೀಟರಿಗೂ ಮೇಲಿರುವ ಆ ಬಿಳಿ ಬೆಟ್ಟ ಪಕ್ಕದಲ್ಲಿ ನಿಂತಿರುತ್ತದೆ, ನಾವು ಒಂದು ಕಣಿವೆಯಿಂದ ಹತ್ತಿ ಇನ್ನೊಂದು ಕಣಿವೆಗೆ ಇಳಿಯುತ್ತಾ ಅದಕ್ಕೆ ಸುತ್ತು ಬರುತ್ತೇವೆ. ಮೊದಲು ‘ಪ್ರದಕ್ಷಿಣೆ’ ಅಂತ ಬರೆದಿದ್ದೆ, ಆಮೇಲೆ ಹೊಡೆದು ಹಾಕಿದೆ. ಅಲ್ಲಿ ಹೆಚ್ಚಿನವರು ಬೆಟ್ಟವನ್ನು ಎಡಕ್ಕೆ ಇಟ್ಟುಕೊಂಡೇ ನಡೆಯುತ್ತಾರೆ. ನಾವೂ ಹಾಗೇ ನಡೆದದ್ದು. ಅದನ್ನು ಪ್ರದಕ್ಷಿಣೆ ಅನ್ನಲು ಮನಸ್ಸು ಬರಲಿಲ್ಲ.

ಈ ನಡಿಗೆಯ ಬಗ್ಗೆ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಮೂರನೇ ಪುಟಕ್ಕೇ ನಿಂತಿದ್ದೇನೆ. ನಿಲ್ಲಿಸಿದ್ದು ‘ಪಾಸ್’ ಎಂಬ ಪದ. ಎರಡು ಶಿಖರಗಳ ನಡುವೆ ಬೆಟ್ಟದ ಸಾಲು ಸ್ವಲ್ಪ ತಗ್ಗಿದ ಜಾಗ, ಈ ಕಡೆಯವರು ಆ ಕಡೆಗೆ ದಾಟುವ ಜಾಗ. ಫ್ರೆಂಚಿನಲ್ಲಿ ‘ಕೊಲ್’. ಇದಕ್ಕೆ ಕನ್ನಡದಲ್ಲಿ ಏನನ್ನೋಣ?

ನಿಘಂಟು ತೆಗೆದರೆ ಉತ್ತರ ಸುಲಭ. ಕಣಿವೆ, ಕಣಿವೆಮಾರ್ಗ. ಶಾಲೆಯಲ್ಲಿ ನಾವೆಲ್ಲ ‘ಖೈಬರ್ ಕಣಿವೆ’ ಅಂತಲೇ ಓದಿದ್ದು. ಆದರೆ ಅದೇ ಪುಸ್ತಕದಲ್ಲಿ ‘ಕಾಶ್ಮೀರ ಕಣಿವೆ’ ಅಂತಲೂ ಓದಿದ್ದೇವೆ. ಒಂದು ಬೆಟ್ಟ ದಾಟುವ ಜಾಗ, ಇನ್ನೊಂದು ಬೆಟ್ಟಗಳ ನಡುವಿನ ತಗ್ಗಿನ ನಾಡು. ಒಂದೇ ಪದ ಎರಡನ್ನೂ ಹೊತ್ತುಕೊಂಡಿದೆ. ಇಂದಿನ ಕನ್ನಡದಲ್ಲಿ ಎರಡನೆಯ ಅರ್ಥವೇ ಗೆದ್ದಿದೆ. ‘ಕಣಿವೆ’ ಅಂದ ಕೂಡಲೇ ಯಾರ ಕಣ್ಣಿಗೂ ಕೆಳಗಿನ ಹಸಿರು, ಹೊಳೆ, ಊರು ಬರುತ್ತದೆ. ಮೇಲಿನ ಗಾಳಿ, ಕಲ್ಲು ಬರುವುದಿಲ್ಲ.

ಇದರಿಂದ ಆದ ಒಂದು ಗೊಂದಲವನ್ನು ಹೇಳುತ್ತೇನೆ. ಇಟಲಿ ಕಡೆಯ ಬೊನಾಟ್ಟಿ ಎಂಬ ತಂಗುಮನೆಯಿಂದ ಒಂದು ಸಂಜೆ ಊರಿಗೆ ಮೆಸೇಜ್ ಹಾಕಿದೆ. ‘ನಾಳೆ ಫೆರೆ ಕಣಿವೆ ದಾಟಿ ಸ್ವಿಟ್ಜರ್‌ಲೆಂಡಿಗೆ ಹೋಗುತ್ತೇವೆ’ ಅಂತ. ನಮ್ಮದು ಸುಳ್ಯದ ಕಡೆ. ಅಪ್ಪ ಅದನ್ನು ಓದಿ ಅಮ್ಮನಿಗೆ ‘ನಾಳೆ ಕೆಳಗೆ ಹೊಳೆ ಬದಿಯಲ್ಲೇ ನಡಿಗೆಯಂತೆ, ಹೆದರುವಂಥದ್ದು ಎಂತ ಇಲ್ಲ’ ಅಂದರಂತೆ. ಮರುದಿನ ನಾನು ಕಳಿಸಿದ ಫೋಟೋದಲ್ಲಿ ತಂಗಿ ಕಿವಿ ಮುಚ್ಚುವ ಟೊಪ್ಪಿ ಹಾಕಿಕೊಂಡು ಗಾಳಿಗೆ ಬಗ್ಗಿ ನಿಂತಿದ್ದಾಳೆ. ಹಿಂದೆ ಬರೀ ಮೋಡ. ಅಪ್ಪನ ಫೋನ್ ಬಂತು. ‘ಎಂತ ಮಗಾ, ಕಣಿವೆ ಅಂತ ಹೇಳಿದ್ದು ನೀನು. ಇದು ಗುಡ್ಡೆಯ ನೆತ್ತಿ ಅಲ್ವಾ?’

ಆ ಜಾಗದ ಹೆಸರೇ ನೋಡಿ. ಗ್ರಾಂ ಕೊಲ್ ಫೆರೆ, ಎತ್ತರ 2,537 ಮೀಟರ್. ಅದರ ಇಟಲಿ ಬದಿಯ ಕಣಿವೆಯ ಹೆಸರು ವಾಲ್ ಫೆರೆ. ಸ್ವಿಸ್ ಬದಿಯ ಕಣಿವೆಯ ಹೆಸರೂ ವಾಲ್ ಫೆರೆ. ಈಗ ನಿಘಂಟನ್ನು ನಂಬಿ ಬರೆದರೆ ನನ್ನ ವಾಕ್ಯ ಹೀಗಾಗುತ್ತದೆ: ‘ಫೆರೆ ಕಣಿವೆಯಿಂದ ಹೊರಟು, ಫೆರೆ ಕಣಿವೆ ಹತ್ತಿ, ಫೆರೆ ಕಣಿವೆಗೆ ಇಳಿದೆವು.’ ಇದನ್ನು ಓದಿದವರಿಗೆ ಏನು ತಿಳಿಯಬೇಕು? ಆ ನಡಿಗೆಯ ಜೀವ ಇರುವುದೇ ಕೆಳಗಿನ ಕಣಿವೆ ಮತ್ತು ಮೇಲಿನ ದಾಟು ಇವೆರಡರ ನಡುವೆ. ದಿನಾ ಬೆಳಿಗ್ಗೆ ಕೆಳಗಿನಿಂದ ಹೊರಡುತ್ತೇವೆ, ಮಧ್ಯಾಹ್ನಕ್ಕೆ ಮೇಲೆ, ಸಂಜೆಗೆ ಮತ್ತೆ ಕೆಳಗೆ. ಎರಡಕ್ಕೂ ಒಂದೇ ಪದ ಇಟ್ಟರೆ ಕತೆಯೇ ಕೆಡುತ್ತದೆ.

ಅಕ್ಕಪಕ್ಕದ ಭಾಷೆಗಳಿಗೆ ಈ ತೊಂದರೆ ಇಲ್ಲ. ತಮಿಳಿನಲ್ಲಿ ‘ಕಣವಾಯ್’ ಅಂದರೆ ಬೆಟ್ಟ ದಾಟುವ ಜಾಗವೇ. ತೆಲುಗಿನ ‘ಕನುಮ’ವೂ ಅದೇ, ಪೂರ್ವ ಘಟ್ಟಗಳಿಗೆ ಅವರು ‘ತೂರ್ಪು ಕನುಮಲು’ ಅನ್ನುತ್ತಾರೆ. ನಮ್ಮ ಕಣಿವೆ ಆ ಪದಗಳ ಒಡಹುಟ್ಟು. ನಮ್ಮಲ್ಲಿ ಮಾತ್ರ ಅದು ಮೇಲಿನಿಂದ ಕೆಳಗೆ ಇಳಿದು ಬಂದಿದೆ. ಹಳೆಯ ಅರ್ಥ ಊರ ಹೆಸರುಗಳಲ್ಲಿ ಉಳಿದಿದೆ. ಹಿರಿಯೂರಿನ ಹತ್ತಿರದ ಮಾರಿಕಣಿವೆ ನೋಡಿ. ಎರಡು ಗುಡ್ಡಗಳ ನಡುವಿನ ಇಕ್ಕಟ್ಟಿನಲ್ಲಿ ವೇದಾವತಿ ನುಗ್ಗಿ ಹೋಗುವ ಜಾಗ ಅದು. ಇಕ್ಕಟ್ಟಾಗಿತ್ತು, ಅದಕ್ಕೇ ಅಲ್ಲಿ ಅಣೆಕಟ್ಟು ಕಟ್ಟಲು ಆಯಿತು. 1907ರಲ್ಲಿ ಮುಗಿದ ವಾಣಿವಿಲಾಸ ಸಾಗರ ನಿಂತಿರುವುದು ಅಲ್ಲೇ. ಅಲ್ಲಿಯ ಕಣಿವೆ ಅಂದರೆ ಬಯಲೂ ಅಲ್ಲ, ತಗ್ಗಿನ ನಾಡೂ ಅಲ್ಲ, ಬೆಟ್ಟದ ನಡುವಿನ ಸಂದು.

ಹಾಗಾದರೆ ‘ಘಾಟಿ’ ಆಗಬಹುದಾ? ಘಟ್ಟದ ಬುಡದಲ್ಲಿ ಹುಟ್ಟಿದ ನನಗೆ ಮೊದಲು ನಾಲಿಗೆಗೆ ಬಂದದ್ದು ಇದೇ. ಸಂಪಾಜೆ ಘಾಟಿ, ಚಾರ್ಮಾಡಿ ಘಾಟಿ, ಆಗುಂಬೆ ಘಾಟಿ ಅಂತ ಬಾಯಿತುಂಬ ಹೇಳುತ್ತೇವೆ. ಎರಡು ದಿನ ಘಾಟಿ ಅಂತಲೇ ಬರೆದು ನೋಡಿದೆ. ಹೊಂದಲಿಲ್ಲ. ಯಾಕೆ ಹೊಂದುವುದಿಲ್ಲ ಅಂತ ಯೋಚಿಸುತ್ತಾ ಕೂತಾಗ ನಮ್ಮ ಘಟ್ಟದ ಆಕಾರವೇ ಕಣ್ಣಿಗೆ ಬಂತು.

ನಮ್ಮ ಘಟ್ಟಕ್ಕೆ ಒಂದೇ ಬದಿ. ಕರಾವಳಿಯಿಂದ ಹತ್ತಿದರೆ ಮೇಲೆ ಮಲೆನಾಡು, ಅಲ್ಲಿಂದ ಹಾಗೇ ಬಯಲುಸೀಮೆ. ಚಾರ್ಮಾಡಿ ಹತ್ತಿ ಕೊಟ್ಟಿಗೆಹಾರ ಮುಟ್ಟಿದರೆ ಮುಗಿಯಿತು, ಆಚೆಗೆ ಇಳಿಯಲು ಇನ್ನೊಂದು ಘಾಟಿ ಇಲ್ಲ. ಅದಕ್ಕೇ ನಾವು ‘ಘಟ್ಟದ ಮೇಲೆ’, ‘ಘಟ್ಟದ ಕೆಳಗೆ’ ಅನ್ನುತ್ತೇವೆ. ‘ಘಟ್ಟದ ಆಚೆ’ ಅನ್ನುವುದು ಕಡಿಮೆ. ಇನ್ನೊಂದು ವಿಷಯ, ಘಾಟಿ ಅಂದರೆ ಇಡೀ ದಾರಿ. ಬುಡದಿಂದ ತುದಿಯ ತನಕ ಇರುವ ಎಲ್ಲ ತಿರುವುಗಳೂ ಸೇರಿ ಒಂದು ಘಾಟಿ. ‘ಘಾಟಿಯಲ್ಲಿ ಬಸ್ಸು ಕೆಟ್ಟಿತು’ ಅಂದರೆ ಎಲ್ಲಿ ಬೇಕಾದರೂ ಕೆಟ್ಟಿರಬಹುದು.

ಕೊಲ್ ಹಾಗಲ್ಲ. ಅದು ಒಂದು ಜಾಗ. ಹತ್ತಿಪ್ಪತ್ತು ಹೆಜ್ಜೆಯಲ್ಲಿ ಮುಗಿದುಹೋಗುತ್ತದೆ. ಅದಕ್ಕೆ ಎರಡು ಬದಿ ಇರಲೇಬೇಕು.

ನಾವು ದಾಟಿದ ದಿನವನ್ನು ಹೇಳಿದರೆ ಸ್ಪಷ್ಟವಾದೀತು. ಬೊನಾಟ್ಟಿಯಿಂದ ಬೆಳಿಗ್ಗೆ ಹೊರಟು ಮೊದಲು 1,769 ಮೀಟರಿನ ಅರ್ನೂವಾಕ್ಕೆ ಇಳಿದೆವು. ಅಲ್ಲಿಂದ ಏರು. ಎಲೆನಾ ತಂಗುಮನೆಯಲ್ಲಿ ಚಹಾ ಕುಡಿದು ಮತ್ತೆ ಏರು. ದಾರಿ ಹಾವಿನ ಹಾಗೆ ಸುತ್ತಿಕೊಂಡು ಹೋಗುತ್ತದೆ. ಕಾಲಡಿಯಲ್ಲಿ ಕರಿಯ ಹಲಗೆಕಲ್ಲಿನ ಪುಡಿ. ಎಡಗಡೆ ಮೋಂ ದೋಲಾಂ ಬೆಟ್ಟದ ಹಿಮ, ಮೂರು ದೇಶಗಳ ಗಡಿ ಸೇರುವುದು ಆ ಬೆಟ್ಟದ ಮೇಲೆ. ಕೊನೆಯ ತಿರುವಿನ ತನಕ ಎದುರಿಗೆ ಬರೀ ಇಳಿಜಾರು ಕಾಣುತ್ತಿತ್ತು. ಒಂದು ಹೆಜ್ಜೆ ಮುಂದಿಟ್ಟೆವು ನೋಡಿ, ಗಾಳಿ ಎದೆಗೆ ಬಡಿಯಿತು. ಅದು ತನಕ ನಮ್ಮ ಬೆನ್ನಿಗೆ ಗಾಳಿಯೇ ಇರಲಿಲ್ಲ. ಎದುರಿಗೆ ಇನ್ನೊಂದು ದೇಶ, ಕೆಳಗೆ ಹುಲ್ಲಿನ ಇಳಿಜಾರು. ನಡುವೆ ಒಂದು ಗಡಿಕಲ್ಲು.

ತಂಗಿ ಬಾಟಲಿ ತೆಗೆದು ಕಲ್ಲಿನ ಈ ಬದಿಗೆ ಒಂದು ಗುಟುಕು ನೀರು ಚೆಲ್ಲಿದಳು, ಆ ಬದಿಗೆ ಒಂದು ಗುಟುಕು. ಈ ಬದಿಯ ನೀರು ದೋರಾ ಬಾಲ್ತೆಯಾ ಹೊಳೆ ಸೇರಿ, ಪೊ ನದಿಯಾಗಿ, ವೆನಿಸ್ ಕಡೆಯ ಏಡ್ರಿಯಾಟಿಕ್ ಕಡಲಿಗೆ ಹೋಗುತ್ತದೆ. ಆ ಬದಿಯದು ದ್ರಾಂಸ್ ಹೊಳೆಗೆ, ಅಲ್ಲಿಂದ ರೋನ್ ನದಿಗೆ, ಕೊನೆಗೆ ಫ್ರಾನ್ಸಿನ ತೆಂಕಣ ಕರಾವಳಿಗೆ. ನಡುವಿನ ಕಲ್ಲು ನನ್ನ ಸೊಂಟದಷ್ಟೂ ಎತ್ತರ ಇರಲಿಲ್ಲ. ಈ ಜಾಗಕ್ಕೆ ನನಗೆ ಹೆಸರು ಬೇಕು.

‘ಕೊಲ್’ ಅಂತಲೇ ಇಟ್ಟುಕೊಳ್ಳಬಹುದಲ್ಲ ಅಂತ ಕೆಲವರು ಹೇಳಿಯಾರು. ನನಗೆ ಅದು ಹಿಡಿಸುವುದಿಲ್ಲ. ಕನ್ನಡದಲ್ಲಿ ಕೊಲ್ ಅಂದರೆ ಕೊಲ್ಲು. ‘ಪಾಸ್’ ಅಂದರೆ ಪರೀಕ್ಷೆ ಮತ್ತು ಬಸ್ ಪಾಸ್ ಮೊದಲು ನೆನಪಾಗುತ್ತವೆ. ಹಿಮಾಲಯಕ್ಕೆ ಹೋಗಿಬಂದವರು ‘ರೋಹ್ತಾಂಗ್ ಪಾಸ್’ ಅನ್ನುತ್ತಾರೆ, ಹೆಸರಿನ ಬಾಲವಾಗಿ ಅದು ಸರಿ. ಆದರೆ ‘ಪಾಸಿನ ಮೇಲೆ ಕೂತು ಬುತ್ತಿ ತಿಂದೆವು’ ಅಂತ ಬರೆಯಲು ಕೈ ಬರುವುದಿಲ್ಲ.

ಆಲ್ಪ್ಸ್‌ನ ಜನ ಇದನ್ನು ಹೇಗೆ ಕಂಡರು ಅಂತ ನೋಡಿದೆ. ಇಲ್ಲಿ ನನಗೆ ತುಂಬಾ ಖುಷಿ ಸಿಕ್ಕಿತು. ಫ್ರೆಂಚಿನ ಕೊಲ್ ಅಂದರೆ ಕುತ್ತಿಗೆ. ಜರ್ಮನ್ನಿನಲ್ಲಿ ‘ಯೋಖ್’ ಅನ್ನುತ್ತಾರೆ, ಅಂದರೆ ನೊಗ. ರೈಲು ಹತ್ತಿ ಪ್ರವಾಸಿಗರು ಹೋಗುವ ಯುಂಗ್‌ಫ್ರೌಯೋಖ್ ನಿಮಗೆ ಗೊತ್ತಿರಬಹುದು, ಯುಂಗ್‌ಫ್ರೌ ಬೆಟ್ಟದ ಪಕ್ಕದ ನೊಗ ಅದು. ‘ಸಾಟೆಲ್’ ಅಂದರೆ ಜೀನು. ‘ಶಾರ್ಟೆ’ ಅಂದರೆ ಕತ್ತಿಯ ಬಾಯಿ ಮುಕ್ಕಾದಾಗ ಬೀಳುವ ಹಲ್ಲು. ಇಟಾಲಿಯನ್ನರ ‘ಬೊಕೆಟ್ಟಾ’ ಸಣ್ಣ ಬಾಯಿ, ‘ಫೋರ್ಚೆಲ್ಲಾ’ ಸಣ್ಣ ಕವೆ. ಆಸ್ಟ್ರಿಯಾದಲ್ಲಿ ‘ಟೋರ್ಲ್’, ಸಣ್ಣ ಬಾಗಿಲು. ನಮ್ಮ ದಾರಿಯಲ್ಲೇ ಒಂದು ಕಡಿದಾದ ಜಾಗವಿದೆ, ಫೆನೆತ್ರ್ ದಾರ್ಪೆತ್, 2,665 ಮೀಟರ್. ಆರ್ಪೆತ್‌ನ ಕಿಟಕಿ ಅಂತ ಅರ್ಥ. ಅದರ ಹತ್ತಿರವೇ ಕೊಲ್ ದ ಲಾ ಫೋರ್ಕ್ಲಾ ಇದೆ. ಫೋರ್ಕ್ಲಾ ಅಂದರೂ ಸಣ್ಣ ಕವೆ, ಅಂದರೆ ಪಾಸ್ ಅಂತಲೇ. ಹಳೆಯ ಪದದ ಅರ್ಥ ಮರೆತ ಮೇಲೆ ಜನ ಮುಂದೆ ಕೊಲ್ ಸೇರಿಸಿಕೊಂಡಿದ್ದಾರೆ, ನಾವು ‘ನಡುಮಧ್ಯೆ’ ಅನ್ನುವ ಹಾಗೆ.

ಕುತ್ತಿಗೆ, ನೊಗ, ಜೀನು, ಕವೆ, ಬಾಯಿ, ಬಾಗಿಲು, ಕಿಟಕಿ. ಎಲ್ಲವೂ ಮನೆ, ಹಟ್ಟಿ, ದನ, ಕುದುರೆಯ ಪದಗಳೇ. ಬೆಟ್ಟದಲ್ಲಿ ದನ ಮೇಯಿಸಿದವರು ಇಟ್ಟ ಹೆಸರುಗಳು ಅಂತ ಕೇಳಿದ ಕೂಡಲೇ ತಿಳಿಯುತ್ತದೆ. ನಮಗೂ ಅಂಥ ಕಣ್ಣು ಇಲ್ಲವೇ? ಮೂಡಿಗೆರೆ ಕಡೆಯ ಎತ್ತಿನಭುಜ ಬೆಟ್ಟ ನೆನೆಸಿಕೊಳ್ಳಿ. ದೂರದಿಂದ ನೋಡಿದರೆ ಎತ್ತಿನ ಹಿಣಿಲೇ. ಹಾಗೆ ಕಂಡವರು ಕೊಟ್ಟ ಹೆಸರು ಅದು. ಅದಕ್ಕೇ ನಾನು ಸಂಸ್ಕೃತದ ಜೋಡುಪದ ಕಟ್ಟುವ ಬದಲು ಹಿತ್ತಲಲ್ಲೇ ಹುಡುಕಿದೆ.

ಸಿಕ್ಕ ಮೊದಲ ಪದ ‘ಕಂಡಿ’. ನಮ್ಮ ಕಡೆ ದಿನಾ ಬಳಸುವ ಪದ. ‘ಬೇಲಿಯ ಕಂಡಿಯಲ್ಲಿ ದನ ನುಗ್ಗಿತು’ ಅನ್ನುತ್ತೇವೆ. ಸಾಲಾಗಿ ನಿಂತದ್ದರ ನಡುವೆ ಬಿಟ್ಟಿರುವ ಜಾಗ, ಅದರಲ್ಲಿ ತೂರಿ ಆಚೆ ಹೋಗಬಹುದು. ಬೆಟ್ಟದ ಸಾಲನ್ನು ಒಂದು ಬೇಲಿ ಅಂತ ಭಾವಿಸಿದರೆ ಕೊಲ್ ಅದರ ಕಂಡಿಯೇ. ತೆಲುಗಿನಲ್ಲಿ ಇದರ ಜೊತೆಯ ಪದ ‘ಗಂಡಿ’, ಬೆಟ್ಟದ ನಡುವಿನ ಸಂದಿಗೆ ಅವರು ಅದನ್ನೇ ಬಳಸುತ್ತಾರೆ. ಪೆನ್ನಾ ನದಿಯ ಕೊರಕಲಿನ ಮೇಲೆ ನಿಂತ ಗಂಡಿಕೋಟೆಯ ಹೆಸರು ಬಂದದ್ದು ಹಾಗೆ. ಮರಾಠಿಯ ‘ಖಿಂಡ್’ ಕೂಡ ಇದೇ ಕೆಲಸ ಮಾಡುತ್ತದೆ. ಪನ್ಹಾಳ, ವಿಶಾಲಗಡಗಳ ನಡುವಿನ ಪಾವನ್ ಖಿಂಡ್ ಬೆಳಗಾವಿ ಕಡೆಯವರಿಗೆ ಚೆನ್ನಾಗಿ ಗೊತ್ತು. ಹಾಗಾಗಿ ‘ಬೆಟ್ಟದ ಕಂಡಿ’ ಅಂದರೆ ನಮ್ಮ ಸುತ್ತಲಿನವರ ಕಿವಿಗೂ ಹೊಸತಲ್ಲ.

ಕಂಡಿಗೆ ಒಂದು ತೊಡಕಿದೆ. ಕಂಡಿ ಬೀಳುವುದು ಅಂದರೆ ಕೆಡುವುದು, ಒಡೆಯುವುದು. ಕೆರೆ ಏರಿಗೆ ಕಂಡಿ ಬಿದ್ದರೆ ಊರೇ ಹೆದರುತ್ತದೆ. ನನ್ನ ಕೊಲ್‌ನಲ್ಲಿ ಕೆಟ್ಟದ್ದು ಏನೂ ಇಲ್ಲ, ಅದು ದಾರಿಹೋಕರಿಗೆ ಒದಗಿದ ಜಾಗ.

ಎರಡನೆಯ ಪದ ಕೊಟ್ಟದ್ದು ಅಪ್ಪ. ಅದೇ ಫೋನಿನಲ್ಲಿ ನಾನು ಜಾಗ ಹೇಗಿದೆ ಅಂತ ವಿವರಿಸುತ್ತಿದ್ದೆ. ಈಚೆಯಿಂದ ಹತ್ತಬೇಕು, ಮೇಲೆ ಒಂದು ಕ್ಷಣ ನಿಲ್ಲಬೇಕು, ಆಚೆಗೆ ಇಳಿಯಬೇಕು ಅಂದೆ. ಅಪ್ಪ ಕೂಡಲೇ ‘ಹಾಗಾದ್ರೆ ಅದು ತಡಮೆ ಅಲ್ವಾ?’ ಅಂದರು. ಕೇಳಿ ನನಗೆ ಮೈ ಜುಮ್ಮೆಂದಿತು.

ತಡಮೆ ಗೊತ್ತಿಲ್ಲದವರಿಗೆ ಹೇಳುತ್ತೇನೆ. ನಮ್ಮ ಕಡೆ ತೋಟದ ಬೇಲಿಗೆ ಕಾಲುದಾರಿ ಬಂದು ಸೇರುವಲ್ಲಿ ಒಂದೆರಡು ಮೆಟ್ಟಿಲಿನ ಹಾಗೆ ಕಲ್ಲೋ ಮರವೋ ಇಟ್ಟಿರುತ್ತಾರೆ. ಈಚೆಯಿಂದ ಹತ್ತಿ ಆಚೆಗೆ ಇಳಿಯುವುದು. ಜನ ದಾಟುತ್ತಾರೆ, ದನ ದಾಟುವುದಿಲ್ಲ. ಚಿಕ್ಕವರಿದ್ದಾಗ ಶಾಲೆಗೆ ಹೋಗುವಾಗ ನಾವು ಮೂರು ತಡಮೆ ದಾಟುತ್ತಿದ್ದೆವು. ನಡುವಿನದರ ಮೇಲೆ ನಿಂತರೆ ಒಂದು ಕಡೆ ನಮ್ಮ ತೋಟ, ಇನ್ನೊಂದು ಕಡೆ ನೆರೆಯವರ ಗದ್ದೆ. ಮಳೆಗಾಲದಲ್ಲಿ ಅದರ ಮರ ಪಾಚಿಗಟ್ಟಿ ಜಾರುತ್ತಿತ್ತು, ತಂಗಿಯ ಕೈ ಹಿಡಿದು ಇಳಿಸುತ್ತಿದ್ದೆ. ಗ್ರಾಂ ಕೊಲ್ ಫೆರೆಯಲ್ಲೂ ಅದೇ ಕೈ ಹಿಡಿದು ನಿಂತಿದ್ದೆ. ಹತ್ತುವುದು, ನಿಲ್ಲುವುದು, ಇಳಿಯುವುದು, ಎರಡು ಕಡೆ ಇಬ್ಬರ ಜಾಗ. ಕೊಲ್‌ನಲ್ಲಿರುವ ಎಲ್ಲವೂ ತಡಮೆಯಲ್ಲಿದೆ.

ಆದರೂ ಪೂರ್ತಿ ಒಪ್ಪಲು ಹಿಂಜರಿಕೆ. ಒಂದು, ಆಲ್ಪ್ಸ್‌ನ ಎಷ್ಟೋ ಕೊಲ್‌ಗಳಲ್ಲಿ ದನಗಳೂ ದಾಟುತ್ತವೆ. ಎರಡು, ತಡಮೆಯಲ್ಲಿ ‘ತಡೆ’ ಕೇಳಿಸುತ್ತದೆ. ಕೊಲ್ ಅಂದರೆ ತಡೆ ಇಲ್ಲದ ಕಡೆ. ಮೂರು, ಘಟ್ಟದ ಮೇಲಿನವರಿಗೆ ಈ ಪದ ಎಷ್ಟು ಗೊತ್ತು? ಅಲ್ಲಿ ಉಣಗೋಲು, ದಣಪೆ ಅನ್ನುವುದನ್ನು ಕೇಳಿದ್ದೇನೆ, ಆದರೆ ಅವು ಸರಿಸಿ ದಾಟುವ ಗಳುಗಳು, ಹತ್ತಿ ಇಳಿಯುವಂಥವಲ್ಲ.

ಸದ್ಯಕ್ಕೆ ನನ್ನ ಒಲವು ಹೀಗಿದೆ. ಸಾಮಾನ್ಯ ಪದವಾಗಿ ‘ಕಂಡಿ’. ಕಡಿದಾದ, ಇಕ್ಕಟ್ಟಾದ, ಬಂಡೆಗಳ ನಡುವಿನದಕ್ಕೆ ‘ಕಿಂಡಿ’. ಉಡುಪಿಯ ಕನಕನ ಕಿಂಡಿ ಎಲ್ಲರಿಗೂ ಗೊತ್ತು, ಆರ್ಪೆತ್‌ನ ಕಿಟಕಿಗೆ ‘ಆರ್ಪೆತ್ ಕಿಂಡಿ’ ಎಷ್ಟು ಚೆನ್ನಾಗಿ ಕೂರುತ್ತದೆ ನೋಡಿ. ‘ತಡಮೆ’ಯನ್ನು ಒಂದೇ ಒಂದು ಕಡೆ, ಅಪ್ಪನ ಮಾತಾಗಿ ಬಳಸುತ್ತೇನೆ. ಆದರೆ ಒಳಗೊಳಗೆ ತಡಮೆಯೇ ಗೆಲ್ಲಲಿ ಅಂತ ಆಸೆ ಇದೆ, ಮುಚ್ಚಿಡುವುದಿಲ್ಲ.

ಕಂಡಿಯ ಮಾತು ಬಿಡುವ ಮೊದಲು ಇನ್ನೊಂದು ಸಂಗತಿ. ಮಾರಿಕಣಿವೆಯಲ್ಲಿ ಕಣಿವೆ ಮಾರಮ್ಮನ ಗುಡಿ ಇದೆ. ಬೆಟ್ಟದ ಸಂದಿ ದಾಟುವವರು ಕೈಮುಗಿದು ಹೋಗುವ ದೇವರು. ನಡಿಗೆ ಮುಗಿದ ಮೇಲೆ ಒಂದು ದಿನ ನಾವು ಬಸ್ಸಿನಲ್ಲಿ ಗ್ರೇಟ್ ಸೇಂಟ್ ಬರ್ನಾರ್ಡ್ ಪಾಸಿಗೆ ಹೋಗಿದ್ದೆವು. 2,469 ಮೀಟರ್ ಎತ್ತರದ ಹಳೆಯ ದಾರಿ. 1800ರಲ್ಲಿ ನೆಪೋಲಿಯನ್ ಸೈನ್ಯ ದಾಟಿಸಿದ್ದು ಇಲ್ಲೇ. ರೋಮನ್ನರ ಕಾಲದಲ್ಲಿ ಅಲ್ಲಿ ಜೂಪಿಟರ್ ದೇವರ ಗುಡಿ ಇತ್ತು. ಆ ದೇವರಿಗೆ ಪೊಯೆನಿನುಸ್ ಎಂಬ ಬೆಟ್ಟದ ಹೆಸರೇ ಸೇರಿಕೊಂಡಿತ್ತು. ಸುಖವಾಗಿ ದಾಟಿದವರು ಹರಕೆಯ ಕಂಚಿನ ಹಲಗೆ ಒಪ್ಪಿಸಿ ಹೋಗುತ್ತಿದ್ದರು. ಆ ಹಲಗೆಗಳ ಬಗ್ಗೆ ಓದುವಾಗ ನನಗೆ ಮಾರಮ್ಮನ ಗುಡಿಯೇ ಕಣ್ಣಮುಂದೆ ಇತ್ತು. ಯಾವ ನಾಡಾದರೂ ಬೆಟ್ಟ ದಾಟುವ ಕಡೆ ಜನಕ್ಕೆ ಒಬ್ಬ ದೇವರು ಬೇಕಾಗಿದ್ದಾನೆ.

ಶಿಖರದ ವಿಷಯದಲ್ಲಿ ನಮಗೆ ಕಷ್ಟವೇ ಇಲ್ಲ. ಮ್ಯಾಟರ್‌ಹಾರ್ನ್ ಎಂಬ 4,478 ಮೀಟರಿನ ಬೆಟ್ಟದ ಹೆಸರಿನಲ್ಲಿರುವ ‘ಹಾರ್ನ್’ ಅಂದರೆ ಕೊಂಬು. ಕನ್ನಡದ ‘ಕೋಡು’ ಕೊಂಬೂ ಹೌದು, ಶಿಖರವೂ ಹೌದು. ಸಂಸ್ಕೃತದ ಶೃಂಗವೂ ಹಾಗೆಯೇ. ಅವರ ‘ದಾಂ’ ಹಲ್ಲು, ‘ಎಗ್ವೀಯ್’ ಸೂಜಿ, ‘ಕೋಪ್ಫ್’ ತಲೆ. ನಮ್ಮಲ್ಲಿ ಕೋಡು, ಮೊನೆ, ನೆತ್ತಿ, ತುದಿ ಎಲ್ಲ ಇವೆ. ಸುಮ್ನೆ ಎಲ್ಲದಕ್ಕೂ ‘ಶಿಖರ’ ಅಂತ ಬರೆಯುವುದನ್ನು ಬಿಟ್ಟರೆ ಸಾಕು.

‘ಆಲ್ಪ್’ ಪದದ ಬಗ್ಗೆಯೂ ಒಂದು ಮಾತು. ಅಲ್ಲಿಯ ಹಳ್ಳಿಗರ ಬಾಯಲ್ಲಿ ಆಲ್ಪ್ ಅಂದರೆ ಬೆಟ್ಟವಲ್ಲ. ಬೇಸಗೆಯಲ್ಲಿ ದನ ಹೊಡೆದುಕೊಂಡು ಹೋಗಿ ಮೇಯಿಸುವ ಎತ್ತರದ ಹುಲ್ಲುಗಾವಲು. ಚಳಿ ಶುರುವಾಗುವ ಮೊದಲು ದನಗಳ ಕೊರಳಿಗೆ ಗಂಟೆ ಕಟ್ಟಿಕೊಂಡೇ ಕೆಳಗೆ ಇಳಿಸುತ್ತಾರೆ. ಇದಕ್ಕೆ ಉತ್ತರ ಕನ್ನಡದವರ ‘ಬ್ಯಾಣ’ ಹತ್ತಿರ ಬರುತ್ತದೆ ಅಂತ ನನಗೆ ಅನ್ನಿಸಿದೆ. ಶಿರಸಿ, ಸಿದ್ದಾಪುರ ಕಡೆಯವರು ಹೇಳಬೇಕು.

ಈಗ ತಂಗುಮನೆ. ಮೇಲೆ ಆಗಲೇ ಎರಡು ಸಲ ಬಳಸಿಬಿಟ್ಟೆ, ಆದರೆ ಅದರ ಬಗ್ಗೆಯೂ ನನಗೆ ಪ್ರಶ್ನೆ ಇದೆ.

ಫ್ರೆಂಚಿನಲ್ಲಿ ರೆಫ್ಯೂಜ್, ಇಟಾಲಿಯನ್ನಿನಲ್ಲಿ ರಿಫೂಜೋ, ಜರ್ಮನ್ನಿನಲ್ಲಿ ಹ್ಯೂಟ್ಟೆ, ಸ್ವಿಸ್ ಫ್ರೆಂಚಿನಲ್ಲಿ ಕಬಾನ್. ಬೆಟ್ಟ ನಡೆಯುವವರು ರಾತ್ರಿ ಉಳಿಯುವ ಮನೆ. ಸ್ವಿಸ್ ಆಲ್ಪೈನ್ ಕ್ಲಬ್ ಹುಟ್ಟಿದ 1863ರಲ್ಲೇ ಅವರ ಮೊದಲ ಮನೆಯೂ ಎದ್ದಿತು. ಈಗ ಅವರದ್ದೇ ನೂರೈವತ್ತಕ್ಕೂ ಜಾಸ್ತಿ ಇವೆ. ಇಟಲಿಯವರ ಮಾರ್ಗೆರೀಟಾ ಎಂಬುದು 4,554 ಮೀಟರ್ ಎತ್ತರದಲ್ಲಿ, ಬೆಟ್ಟದ ತುದಿಯಲ್ಲೇ ಕೂತಿದೆ.

ಮೊದಲು ಒಂದು ಎಚ್ಚರಿಕೆ. ಹ್ಯೂಟ್ಟೆ ಕೇಳಿದ ಕೂಡಲೇ ಕನ್ನಡಿಗರಿಗೆ ‘ಹಟ್ಟಿ’ ನೆನಪಾಗುತ್ತದೆ. ಎರಡಕ್ಕೂ ನಂಟಿಲ್ಲ, ಬರೀ ಸದ್ದಿನ ಹೋಲಿಕೆ. ಹಟ್ಟಿ ದನಕರುಗಳ ಜಾಗ, ಗೊಲ್ಲರ ಊರು. ದಾರಿಹೋಕರ ಮನೆಯಲ್ಲ.

‘ಆಶ್ರಯತಾಣ’ ಅಂತ ಬರೆದರೆ ನೆರೆ ಬಂದಾಗ ಜನರನ್ನು ಸೇರಿಸುವ ಶಾಲೆಯ ಕಟ್ಟಡ ಕಣ್ಣಿಗೆ ಬರುತ್ತದೆ. ‘ಗುಡಿಸಲು’ ಸುಳ್ಳಾಗುತ್ತದೆ, ಕೆಲವು ಮೂರು ಅಂತಸ್ತಿನವು. ‘ತಂಗುದಾಣ’ ಒಳ್ಳೆಯ ಪದವಾಗಿತ್ತು, ಆದರೆ ಅದು ಈಗ ಬಸ್ಸಿಗೆ ಕಾಯುವ ಜಾಗ. ‘ಛತ್ರ’ ಎಲ್ಲಕ್ಕಿಂತ ಸರಿಯಾದದ್ದು. ದಾರಿಹೋಕರಿಗೆ ಊಟ, ಮಲಗಲು ಜಾಗ ಕೊಡುವ ಕಡೆ. ಗ್ರೇಟ್ ಸೇಂಟ್ ಬರ್ನಾರ್ಡ್‌ನಲ್ಲಿ ಸುಮಾರು 1050ರಲ್ಲಿ ಬರ್ನಾರ್ಡ್ ಎಂಬ ಪಾದ್ರಿ ಶುರುಮಾಡಿದ ಮನೆ ಇವತ್ತಿಗೂ ನಡೆದು ಬಂದವರನ್ನು ಒಳಗೆ ಕರೆಯುತ್ತದೆ. ಸೇಂಟ್ ಬರ್ನಾರ್ಡ್ ಎಂಬ ದೊಡ್ಡ ನಾಯಿಗಳ ಹೆಸರು ಬಂದದ್ದು ಅಲ್ಲಿಂದಲೇ. ಅದನ್ನು ಛತ್ರ ಅಂತ ನಾನು ಕಣ್ಣುಮುಚ್ಚಿ ಬರೆಯುತ್ತೇನೆ. ಆದರೆ ಬೊನಾಟ್ಟಿಗೆ ‘ಬೆಟ್ಟದ ಛತ್ರ’ ಅಂದರೆ ಬೆಂಗಳೂರಿನವರಿಗೆ ಮದುವೆ ಹಾಲ್ ನೆನಪಾಗುತ್ತದೆ. ‘ಬಿಡದಿ’ಯೂ ಹಾಗೇ, ಬೀಗರಿಗೆ ಬಿಟ್ಟುಕೊಟ್ಟ ಮನೆ. ಗಮನಿಸಿದಿರಾ, ಪ್ರಯಾಣಿಕರು ಉಳಿಯುವ ನಮ್ಮ ಎರಡು ಒಳ್ಳೆಯ ಪದಗಳನ್ನು ಮದುವೆಮನೆಯವರು ತೆಗೆದುಕೊಂಡು ಹೋಗಿದ್ದಾರೆ.

ಅಂಥ ಮನೆಯ ಸಂಜೆ ಹೇಗಿರುತ್ತದೆ ಅಂತ ಹೇಳಿದರೆ ನಿಮಗೆ ಪದ ಹೊಳೆದೀತು. ಬಾಗಿಲಲ್ಲೇ ಶೂ ಬಿಚ್ಚಿ ಹಲಗೆಯ ಮೇಲೆ ಇಡಬೇಕು. ಒದ್ದೆ ಉಣ್ಣೆಯ ವಾಸನೆ. ಪಕ್ಕದ ಬುಟ್ಟಿಯಲ್ಲಿ ಮನೆಯವರದ್ದೇ ರಬ್ಬರ್ ಚಪ್ಪಲಿಗಳು, ಸಿಕ್ಕ ಜೋಡಿ ಹಾಕಿಕೊಂಡು ಒಳಗೆ ಹೋಗುವುದು. ಮಲಗಲು ಒಂದೇ ಕೋಣೆಯಲ್ಲಿ ಸಾಲು ಹಾಸಿಗೆ. ಹೊದಿಕೆ ಅವರು ಕೊಡುತ್ತಾರೆ, ಒಳಗೆ ತೂರಿಕೊಳ್ಳುವ ತೆಳು ಚೀಲ ನಮ್ಮದೇ ಇರಬೇಕು. ಏಳು ಗಂಟೆಗೆ ಊಟ. ಉದ್ದ ಮೇಜು, ಪರಿಚಯ ಇಲ್ಲದವರ ಪಕ್ಕ ಕೂರಿಸುತ್ತಾರೆ. ದೊಡ್ಡ ಪಾತ್ರೆಯಲ್ಲಿ ಸೂಪ್ ಬಂತು, ಒಬ್ಬರು ಬಡಿಸಿ ಮುಂದಿನವರಿಗೆ ಸರಿಸಿದರು. ಆಮೇಲೆ ಪೊಲೆಂಟಾ, ಅಂದರೆ ಮೆಕ್ಕೆಜೋಳದ ಹಿಟ್ಟಿನ ಮುದ್ದೆ. ರಾಗಿಮುದ್ದೆಯ ತಮ್ಮ ಅಂತಲೇ ಹೇಳಬೇಕು. ಗೋಡೆಯ ಮೇಲೆ ನಾಳಿನ ಹವಾಮಾನ ಬರೆದ ಚೀಟಿ. ಹತ್ತು ಗಂಟೆಗೆ ದೀಪ ಆರುತ್ತದೆ.

ಆ ಮೇಜಿನಲ್ಲಿ ನನಗೆ ನೆನಪಾದದ್ದು ಕುಮಾರಪರ್ವತದ ದಾರಿಯ ಗಿರಿಗದ್ದೆ. 1,712 ಮೀಟರಿನ ಆ ಬೆಟ್ಟ ಹತ್ತುವವರಿಗೆ ‘ಭಟ್ಟರ ಮನೆ’ ಎಂದರೆ ಸಾಕು, ಬೇರೆ ವಿವರಣೆ ಬೇಡ. ಹಸಿದು ಹೋದವರಿಗೆ ಅಲ್ಲಿ ಬಿಸಿ ಅನ್ನ, ಸಾರು. ಅಲ್ಲಿಗೆ ನಾವು ಯಾರೂ ಆಶ್ರಯತಾಣ ಅಂದಿಲ್ಲ, ‘ಮನೆ’ ಅಂದೆವು. ಹಾಗಾಗಿಯೇ ನಾನು ‘ತಂಗುಮನೆ’ ಇಟ್ಟುಕೊಂಡೆ. ಮನೆ ನಡೆಸುವವರಿಗೆ ಛತ್ರದ ಕಾಲದ ‘ಪಾರುಪತ್ಯದವರು’ ಅಂದರೆ ಹೇಗೆ? ‘ಮ್ಯಾನೇಜರ್’ ಅನ್ನಲು ಮನಸ್ಸಿಲ್ಲ. ಊಟದ ಮೇಲೆ ಅವರೇ ಬಂದು ಮೇಜು ಮೇಜಿಗೆ ನಾಳಿನ ದಾರಿ ಹೇಳುತ್ತಾರೆ.

ಯಾರೂ ಇಲ್ಲದ, ಬೀಗ ಹಾಕದ ಸಣ್ಣ ಗೂಡುಗಳೂ ಎತ್ತರದಲ್ಲಿ ಇರುತ್ತವೆ. ತಗಡಿನ ಗೋಡೆ, ನಾಲ್ಕಾರು ಮಂಚ, ಅಷ್ಟೇ. ಇಟಾಲಿಯನ್ನಿನಲ್ಲಿ ‘ಬಿವಾಕ್ಕೊ’. ಈ ಪದ ಜರ್ಮನ್ ಮೂಲದ್ದು, ರಾತ್ರಿಯ ಹೆಚ್ಚುವರಿ ಕಾವಲು ಅಂತ ಅರ್ಥ. ಇದನ್ನು ತಿಳಿದಾಗ ಸಕಲೇಶಪುರದ ನೆಂಟರ ಗದ್ದೆಯ ‘ಮಾಳ’ ನೆನಪಾಯಿತು. ಕಾಡುಹಂದಿ ಬಾರದ ಹಾಗೆ ರಾತ್ರಿ ಕಾಯಲು ಕಟ್ಟಿದ ಪುಟ್ಟ ಅಟ್ಟ. ಅಲ್ಲೂ ಕಾವಲು, ಇಲ್ಲೂ ಕಾವಲು. ಬಿವಾಕ್ಕೊಗೆ ಮಾಳ ಅನ್ನಬಹುದೇ?

ಕೊನೆಗೆ ದೂರದ ಲೆಕ್ಕ. ಸ್ವಿಸ್ ದಾರಿಗಳ ಹಳದಿ ಫಲಕದಲ್ಲಿ ಕಿಲೋಮೀಟರ್ ಇರುವುದಿಲ್ಲ, ಸಮಯ ಇರುತ್ತದೆ. ಮಟ್ಟಸ ದಾರಿಗೆ ಗಂಟೆಗೆ 4.2 ಕಿಲೋಮೀಟರ್ ಅಂತ ಹಿಡಿದು, ಏರು ಇಳಿವು ನೋಡಿ ಲೆಕ್ಕ ಹಾಕುತ್ತಾರೆ. ಕೂರುವ ಹೊತ್ತು ಸೇರಿಲ್ಲ. ನಮ್ಮ ‘ಹರದಾರಿ’, ‘ಕೂಗಳತೆ’ಗಳೂ ಕಾಲು ಮತ್ತು ಗಂಟಲಿನಿಂದ ಅಳೆದವೇ ಅಲ್ವಾ. ಎಷ್ಟು ಎತ್ತರ ಹತ್ತಿದೆವು ಅನ್ನುವುದಕ್ಕೆ ನಾನು ಬರೀ ‘ಏರು’ ಅಂತ ಬರೆಯುತ್ತಿದ್ದೇನೆ. ‘ಇವತ್ತು 770 ಮೀಟರ್ ಏರು’ ಅಂದರೆ ತಿಳಿಯುತ್ತದೆ ತಾನೇ?

ಈಗ ನಿಮ್ಮ ಸರದಿ. ಬೆಟ್ಟದ ಸಾಲು ತಗ್ಗಿದ, ಈಚೆಯಿಂದ ಆಚೆಗೆ ದಾಟುವ ಜಾಗಕ್ಕೆ ನಿಮ್ಮ ಊರಿನಲ್ಲಿ ಏನನ್ನುತ್ತಾರೆ? ಕುದುರೆಮುಖ, ಬಾಬಾಬುಡನ್‌ಗಿರಿ ಕಡೆಯವರ ಹತ್ತಿರ ಖಂಡಿತ ಒಂದು ಪದ ಇರಬೇಕು, ಅಲ್ಲಿ ಎರಡು ಬದಿಯ ಬೆಟ್ಟಗಳಿವೆ. ಕೊಡಗಿನವರೂ ಹೇಳಿ. ಸಂಡೂರು, ಚಿತ್ರದುರ್ಗದ ಕಡೆ ‘ಕಣಿವೆ’ ಇನ್ನೂ ದಾಟುವ ಜಾಗಕ್ಕೇ ನಿಂತಿದೆಯೇ? ಬೆಳಗಾವಿಯ ಕನ್ನಡದಲ್ಲಿ ‘ಖಿಂಡಿ’ ಉಂಟೇ? ತಡಮೆ ಎಂಬ ಪದ ಘಟ್ಟದ ಮೇಲೆ ಯಾರಿಗಾದರೂ ಗೊತ್ತಿದೆಯೇ? ನಿಮ್ಮ ಮನೆಯ ಹಿರಿಯರನ್ನು ಕೇಳಿ ಬರೆದರೆ ಇನ್ನೂ ಒಳ್ಳೆಯದು. ಪದದ ಜೊತೆ ಅವರು ಅದನ್ನು ಬಳಸಿದ ವಾಕ್ಯವನ್ನೂ ಹಾಗೇ ಬರೆದು ಕಳಿಸಿ.

ನನ್ನ ಮೂರನೇ ಪುಟದಲ್ಲಿ ಆ ವಾಕ್ಯ ಸದ್ಯ ಹೀಗಿದೆ: ‘ಹನ್ನೊಂದೂವರೆಗೆ ನಾವು ಫೆರೆಯ ______ ಮುಟ್ಟಿದೆವು.’